ಯಂತ್ರಯುಗದಲ್ಲಿ ಕಾರಂತರ ಕುಣಿತ

ಆನೆಗೊಂದಿಯಲ್ಲಿ ಕುಳಿತು ಕೋಟ ಶಿವರಾಮ ಕಾರಂತರ ಕುರಿತು ಬರೆಯಹೊರಟರೆ, ಕಡಲತೀರದ ಆ ಹಿರಿಯರಿಗೂ ತುಂಗಭದ್ರೆಯ ದಂಡೆಯ ಈ ಊರಿಗೂ ಏನು ನಂಟು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಂಟು ಇದೆ. ರಾಮಾಯಣದ ಕಿಷ್ಕಿಂಧೆ ನಮ್ಮ ಊರೇ ಎಂದು ಇಲ್ಲಿನ ಜನ ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ಅತ್ತ ಕರಾವಳಿಯಲ್ಲಿ, ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಆಡುವ ಯಕ್ಷಗಾನ ಮೇಳಗಳು ವಾಲಿಸುಗ್ರೀವರ ಕಾಳಗವನ್ನು ರಾತ್ರಿಯಿಡೀ ಕುಣಿದು ತೋರಿಸುತ್ತವೆ. ಇಲ್ಲಿ ಬಂಡೆಯಾಗಿ, ಗುಡ್ಡವಾಗಿ, ಹೊಳೆಯಾಗಿ ಕಣ್ಣಿಗೆ ಬೀಳುವ ಕಿಷ್ಕಿಂಧೆಗೆ ಅಲ್ಲಿ ಬೇರೆ ಆಸರೆಯಿಲ್ಲ. ಅದು ವೇಷಧಾರಿಯ ಮೈಯಿಂದಲೇ ಹುಟ್ಟಬೇಕು, ಅವನ ಹೆಜ್ಜೆಯೊಡನೆಯೇ ಮರೆಯಾಗಬೇಕು. ಆ ಮೈಯ ಶಕ್ತಿಯನ್ನು ಕುರಿತು ಕನ್ನಡದಲ್ಲಿ ಅತ್ಯಂತ ಗಂಭೀರವಾಗಿ ಚಿಂತಿಸಿದವರಲ್ಲಿ ಕಾರಂತರು ಮೊದಲಿಗರ ಸಾಲಿನವರು.

ಇನ್ನೂ ಹಳೆಯ ನಂಟೊಂದಿದೆ. ನಮ್ಮ ಗಂಗಾವತಿ ಸೀಮೆಯ ಹಿರೇಬೆಣಕಲ್ ಬೆಟ್ಟದಲ್ಲಿ ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳಿವೆ. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ತಾಣವಿದು. ಅಲ್ಲಿನ ಬಂಡೆಯಾಸರೆಗಳಲ್ಲಿ ಕೆಂಪು ಕಾವಿಯಿಂದ ಬರೆದ ಚಿತ್ರಗಳಿದ್ದು, ಬೇಟೆಯ ದೃಶ್ಯಗಳ ನಡುವೆ ಕುಣಿಯುವ ಮನುಷ್ಯರೂ ಕಾಣುತ್ತಾರೆ. ಅದೇ ಬೆಟ್ಟದಲ್ಲಿ ನಗಾರಿಯ ಆಕಾರದ ದೊಡ್ಡ ಬಂಡೆಯೊಂದಿದೆ. ಬಡಿದರೆ ಅದರ ದನಿ ಬಹುದೂರದವರೆಗೆ ಕೇಳಿಸುತ್ತದೆ. ಆ ಕಲ್ಮನೆಗಳು ಎದ್ದದ್ದು ಕಬ್ಬಿಣವೆಂಬ ಹೊಸ ತಂತ್ರ ಮನುಷ್ಯನ ಕೈಸೇರಿದ ಕಾಲದಲ್ಲಿ. ತಂತ್ರಜ್ಞಾನ ಮತ್ತು ಕುಣಿತದ ಸಂಬಂಧ ನಿನ್ನೆ ಮೊನ್ನೆಯದಲ್ಲ ಎಂಬುದಕ್ಕೆ ನಮ್ಮ ಬೆಟ್ಟಗಳೇ ಸಾಕ್ಷಿ.

ಇಂದು ಆ ಸಂಬಂಧ ಬೇರೊಂದು ತಿರುವಿಗೆ ಬಂದಿದೆ. ರಂಗದ ಮೇಲೆ ಕುಣಿಯುವವರಿಗಿಂತ ಅವರ ಹಿಂದಿನ ಬೆಳಕಿನ ಪರದೆ ದೊಡ್ಡದಾಗಿದೆ. ನರ್ತಕಿಯ ಚಲನೆಯನ್ನು ಗಣಕಯಂತ್ರ ಅಳೆದು ದಾಖಲಿಸಬಲ್ಲದು, ಎಂದೂ ಕುಣಿಯದ ಮೈಯೊಂದನ್ನು ಚಿತ್ರಿಸಿ ಕುಣಿಸಲೂಬಲ್ಲದು. ಹಾಗಾದರೆ ಬೆವರುವ, ದಣಿಯುವ, ಮುಪ್ಪಾಗುವ ಮನುಷ್ಯದೇಹಕ್ಕೆ ರಂಗದ ಮೇಲೆ ಉಳಿದಿರುವ ಕೆಲಸವೇನು? ಬೆಂಗಳೂರಿನಿಂದ ಬರ್ಲಿನ್‌ವರೆಗೆ ಸಮಕಾಲೀನ ನೃತ್ಯ ಕೇಳುತ್ತಿರುವ ಪ್ರಶ್ನೆ ಇದು. ಕಾರಂತರ ಬದುಕನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಮತ್ತೆ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಅವರನ್ನು ಕಾದಂಬರಿಕಾರರಾಗಿ ಓದಿದ್ದೇವೆ, ಪರಿಸರವಾದಿಯಾಗಿ ಗೌರವಿಸಿದ್ದೇವೆ. ಕುಣಿತದ ಮನುಷ್ಯರಾಗಿ ಕಂಡದ್ದು ಕಡಿಮೆ.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಕುಂದಾಪುರದ ಬಳಿಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. 1920ರ ದಶಕದ ಆರಂಭದಲ್ಲಿ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜು ತೊರೆದರು. ಕೆಲವು ವರ್ಷ ಖಾದಿ ಪ್ರಚಾರದಲ್ಲಿ ತೊಡಗಿದರು. ಅವರ ಸಾರ್ವಜನಿಕ ಜೀವನ ಒಂದು ಯಂತ್ರದೊಂದಿಗೇ ಆರಂಭವಾಯಿತು ಎನ್ನಬಹುದು. ಆದರೆ ಚರಕ ಕೈಯ ಲಯಕ್ಕೆ ತಕ್ಕಂತೆ ತಿರುಗುವ ಯಂತ್ರ, ಮೈಯನ್ನು ಮೂಲೆಗೆ ತಳ್ಳುವಂಥದ್ದಲ್ಲ. ಗಾಂಧೀಮಾರ್ಗದ ಸಂಘಟನೆಯಿಂದ ಅವರು ಮುಂದೆ ದೂರ ಸರಿದರೂ, ಯಂತ್ರ ಯಾರ ಕೈಯಲ್ಲಿದೆ, ಕೈಯನ್ನು ಏನು ಮಾಡುತ್ತದೆ ಎಂಬ ಎಚ್ಚರ ಅವರನ್ನು ಬಿಟ್ಟುಹೋದಂತೆ ತೋರುವುದಿಲ್ಲ.

ಯಂತ್ರವೆಂದರೆ ಮೂಗುಮುರಿಯುವ ಸ್ವಭಾವ ಅವರದಾಗಿರಲಿಲ್ಲ. ಕನ್ನಡದಲ್ಲಿ ವಾಕ್ಚಿತ್ರ ಕಣ್ಣುಬಿಡುವ ಮೊದಲೇ, 1930ರಲ್ಲಿ ‘ಡೊಮಿಂಗೊ’, 1931ರಲ್ಲಿ ‘ಭೂತರಾಜ್ಯ’ ಎಂಬ ಮೂಕಿಚಿತ್ರಗಳನ್ನು ತಯಾರಿಸಿದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ, 1959ರಿಂದ 1964ರ ಅವಧಿಯಲ್ಲಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಏಕಾಂಗಿಯಾಗಿ ರಚಿಸಿ ಹೊರತಂದರು. ಒಂದು ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸವದು. ಸಾಮಾನ್ಯ ಕನ್ನಡಿಗನ ಮನೆಗೆ ಆಧುನಿಕ ವಿಜ್ಞಾನವನ್ನು ಹೊತ್ತು ತಂದ ಈ ಮನುಷ್ಯ ಕುಣಿತಕ್ಕೆ ಬಂದಾಗ ಮಾತ್ರ ಮೈಯೊಂದನ್ನೇ ನಂಬಿದ ಎಂಬುದು ಮೇಲ್ನೋಟಕ್ಕೆ ವಿರೋಧಾಭಾಸದಂತೆ ಕಾಣುತ್ತದೆ. ನನಗೆ ಅದು ವಿರೋಧಾಭಾಸವೆನಿಸುವುದಿಲ್ಲ. ಮೂಕಿಚಿತ್ರ ಅವರ ಮುಂದೆ ಇಟ್ಟದ್ದೂ ಅದೇ ಸವಾಲನ್ನು: ಮಾತು ಇಲ್ಲದಿರುವಾಗ ಮುಖ, ಕೈ, ನಡಿಗೆ ಇವು ಎಷ್ಟನ್ನು ಹೇಳಬಲ್ಲವು? 1933ರ ‘ಚೋಮನ ದುಡಿ’ಯ ಚೋಮನಿಗೂ ಎದೆಯೊಳಗಿನದನ್ನು ಹೊರಹಾಕಲು ಮಾತು ಸಾಲುವುದಿಲ್ಲ, ದುಡಿಯನ್ನು ಬಡಿಯುವ ಅವನ ಕೈಗಳೇ ಅವನ ಭಾಷೆ.

ಮೂವತ್ತರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಅವರು ಮಕ್ಕಳ ಶಿಕ್ಷಣದ ಪ್ರಯೋಗಗಳಿಗೆ ಇಳಿದರು. ಗೀತನಾಟಕಗಳನ್ನು ಬರೆದರು, ನಾಟಕ ಆಡಿಸಿದರು, ನೃತ್ಯ ಕಲಿಸಿದರು. ನೃತ್ಯ ಕಲಿಸಲು, ನಾಟಕ ಆಡಿಸಲು ಹೋಗುತ್ತಿದ್ದ ಶಾಲೆಯಲ್ಲೇ ಲೀಲಾ ಆಳ್ವರ ಪರಿಚಯವಾಯಿತು. 1936ರಲ್ಲಿ ಅವರಿಬ್ಬರೂ ಜಾತಿಯ ಗೆರೆ ದಾಟಿ ಮದುವೆಯಾದರು. ಆ ಕಾಲದ ದಕ್ಷಿಣ ಕನ್ನಡದಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ. ಗೃಹಸ್ಥರ ಮನೆಯ ಹೆಣ್ಣುಮಕ್ಕಳು ರಂಗದ ಮೇಲೆ ಬರುವುದನ್ನೇ ಸಮಾಜ ಅನುಮಾನದಿಂದ ನೋಡುತ್ತಿದ್ದ ದಿನಗಳಲ್ಲಿ, ಕುಣಿಯುವ ದೇಹಕ್ಕೆ ಮಾನ ತಂದುಕೊಡುವ ಕೆಲಸ ಅವರ ಮನೆಯಿಂದಲೇ ಆರಂಭವಾಯಿತು.

ಆದರೆ ಅವರ ಜೀವಮಾನದ ಪ್ರಯೋಗಶಾಲೆ ಯಕ್ಷಗಾನವೇ. ಯಕ್ಷಗಾನಕ್ಕೆ ಯಂತ್ರಯುಗ ಏನು ಮಾಡಿತೆಂಬುದನ್ನು ಅರಿಯದೆ ಆ ಪ್ರಯೋಗದ ಅರ್ಥ ಆಗಲಾರದು. ಹಿಂದೆ ಆಟ ನಡೆಯುತ್ತಿದ್ದದ್ದು ಗದ್ದೆಯ ಬಯಲಿನಲ್ಲಿ, ದೀವಟಿಗೆಯ ಬೆಳಕಿನಲ್ಲಿ. ಹಗುರವಾದ ಮರದಲ್ಲಿ ಕೊರೆದು, ಚಿನ್ನದ ಬಣ್ಣದ ಹಾಳೆ ಹೊದಿಸಿ, ಕನ್ನಡಿಯ ಚೂರುಗಳನ್ನು ಕೂರಿಸಿದ ಆಭರಣಗಳು ಆ ತೂಗಾಡುವ ಬೆಳಕಿಗೆಂದೇ ಹುಟ್ಟಿದವು. ರಾಕ್ಷಸವೇಷದ ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿಗಳನ್ನು ಇಟ್ಟು, ಕೆಂಪು ಕಪ್ಪು ಗೆರೆಗಳನ್ನೆಳೆದರೆ ಅಲುಗುವ ಜ್ವಾಲೆಯಲ್ಲಿ ಆ ಮುಖ ಉಸಿರಾಡುವಂತೆ ಕಾಣುತ್ತಿತ್ತು. ಭಾಗವತನ ಏರುದನಿ, ಚೆಂಡೆಯ ಅಬ್ಬರ ಇವೆಲ್ಲ ಧ್ವನಿವರ್ಧಕವಿಲ್ಲದೆ ಬಯಲನ್ನು ತುಂಬಬೇಕಾಗಿದ್ದ ಕಾಲದ ಅಳತೆಗಳು. ಮುಂದೆ ಗ್ಯಾಸ್ ದೀಪ ಬಂತು, ಅದರ ಹಿಂದೆಯೇ ವಿದ್ಯುತ್ತು ಬಂತು. ಕಳೆದ ಶತಮಾನದ ನಡುಭಾಗದ ಹೊತ್ತಿಗೆ ಟಿಕೆಟ್ಟಿನ ಡೇರೆ ಮೇಳಗಳು ಬಂದವು, ಮೈಕು ಬಂತು. ಸ್ಥಿರವಾದ ಬಿಳಿಬೆಳಕಿನಲ್ಲಿ ಹಳೆಯ ಮುಖವರ್ಣಿಕೆಯ ನಿಗೂಢತೆ ಕರಗಿತು. ಮೈಕಿನಿಂದಾಗಿ ಮಾತಿಗೆ ಹೊಸ ಬಲ ಬಂದು ಅದು ಉದ್ದವಾಗುತ್ತ ಹೋಯಿತು. ಸಿನಿಮಾದ ಪ್ರಭಾವದಿಂದ ಮಿನುಗುವ ಬಟ್ಟೆಗಳು ಬಂದವು. ಕುಣಿತ ಮಾತಿನ ನಡುವಿನ ಬಿಡುವಾಗತೊಡಗಿತು.

ಕಾರಂತರು ಈ ಬದಲಾವಣೆಯನ್ನು ಕಂಡು ಬರಿಯ ವಿಷಾದದಲ್ಲಿ ನಿಲ್ಲಲಿಲ್ಲ. ಹಳ್ಳಿಗಳನ್ನು ಸುತ್ತಿ ಹಳೆಯ ಪ್ರಸಂಗಗಳ ಪ್ರತಿಗಳನ್ನು ಹುಡುಕಿದರು. ಅವುಗಳಲ್ಲಿ ಹೆಸರು ಮಾತ್ರ ಉಳಿದಿದ್ದ ರಾಗಗಳ ಜಾಡು ಹಿಡಿದರು. ವೃದ್ಧ ಕಲಾವಿದರಿಂದ ಹೆಜ್ಜೆಗಳನ್ನೂ ಬಣ್ಣಗಾರಿಕೆಯ ಕ್ರಮಗಳನ್ನೂ ಕೇಳಿ ದಾಖಲಿಸಿದರು. ಆ ದುಡಿಮೆಯ ಫಲ 1957ರ ‘ಯಕ್ಷಗಾನ ಬಯಲಾಟ’ ಗ್ರಂಥ. 1959ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅಷ್ಟೊಂದು ಕಾದಂಬರಿಗಳನ್ನು ಬರೆದವರಿಗೆ ಅಕಾಡೆಮಿಯ ಮನ್ನಣೆ ದೊರೆತದ್ದು ಕುಣಿತದ ಕುರಿತ ಪುಸ್ತಕಕ್ಕೆ ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

ಅನಂತರ ಅವರು ಪುಸ್ತಕದಿಂದ ರಂಗಕ್ಕೆ ಬಂದರು. ಬಡಗುತಿಟ್ಟಿನ ಕಲಾವಿದರನ್ನು ಕಲೆಹಾಕಿ ಕಮ್ಮಟಗಳನ್ನು ನಡೆಸಿದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಯಕ್ಷಗಾನ ಕೇಂದ್ರದ ಆಶ್ರಯದಲ್ಲಿ ‘ಯಕ್ಷರಂಗ’ವನ್ನು ಕಟ್ಟಿ ಬೆಳೆಸಿದರು. ಅವರ ಯಕ್ಷಗಾನ ಬ್ಯಾಲೆಯ ಸೂತ್ರ ಸರಳವಾಗಿತ್ತು, ಕಠಿಣವೂ ಆಗಿತ್ತು. ಅರ್ಥಗಾರಿಕೆಯನ್ನು ತೀರ ಕಡಿಮೆ ಮಾಡಿ, ಕಥೆಯ ಭಾರವನ್ನೆಲ್ಲ ಹಾಡು ಮತ್ತು ದೇಹದ ಮೇಲೆ ಹೊರಿಸುವುದು. ಹಳೆಯ ಕೇದಗೆ ಮುಂದಲೆ, ಕಿರೀಟ, ಮರದ ಆಭರಣಗಳನ್ನು ಮತ್ತೆ ತರುವುದು. ಹಿಮ್ಮೇಳಕ್ಕೆ ವಯಲಿನ್, ಸ್ಯಾಕ್ಸೊಫೋನ್ ಸೇರಿಸುವುದು. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸುವುದು. ‘ಪಂಚವಟಿ’, ‘ನಳದಮಯಂತಿ’ಯಂಥ ಕಥೆಗಳು ಹೀಗೆ ಕನ್ನಡ ಬಾರದವರ ಎದುರಿಗೂ, ದೇಶವಿದೇಶಗಳ ವೇದಿಕೆಗಳಲ್ಲೂ ನಿಂತವು. ಬರೆದು ಕೊಟ್ಟು ದೂರ ಕುಳಿತ ನಿರ್ದೇಶಕರಲ್ಲ ಅವರು. ಇಳಿವಯಸ್ಸಿನಲ್ಲೂ ಎದ್ದು ಕುಣಿದು ತೋರಿಸಿ ಕಲಿಸಿದವರು.

ಇದಕ್ಕೆ ಬಂದ ವಿರೋಧ ಹಗುರವಾದುದಾಗಿರಲಿಲ್ಲ. ಅದನ್ನು ಸಂಪ್ರದಾಯವಾದಿಗಳ ಗೊಣಗಾಟವೆಂದು ತಳ್ಳಿಹಾಕುವುದು ನ್ಯಾಯವೂ ಅಲ್ಲ. ಆ ಕ್ಷಣದಲ್ಲಿ ಹುಟ್ಟುವ ಆಶುಮಾತು ಯಕ್ಷಗಾನದ ಜೀವ. ವಾಲಿ ಬಿದ್ದು ಸಾಯುವಾಗ ರಾಮನನ್ನು ಪ್ರಶ್ನಿಸುವ ಮಾತುಗಳಲ್ಲಿ ಓದುಬರಹ ಕಡಿಮೆಯಿದ್ದ ಕಲಾವಿದನೂ ಧರ್ಮಶಾಸ್ತ್ರಿಯನ್ನು ಬೆವರಿಳಿಸಬಲ್ಲವನಾಗಿದ್ದ. ಆ ಮಾತನ್ನು ಕತ್ತರಿಸಿದರೆ ಕಲಾವಿದನ ಸ್ವಾತಂತ್ರ್ಯವನ್ನೇ ಕತ್ತರಿಸಿದಂತಾಯಿತು, ವೇಷಧಾರಿ ನಿರ್ದೇಶಕನ ಸೂತ್ರದ ಬೊಂಬೆಯಾದ ಎಂಬ ಆಕ್ಷೇಪದಲ್ಲಿ ತಥ್ಯವಿದೆ. ಸ್ಯಾಕ್ಸೊಫೋನಿನ ದನಿ ಚೆಂಡೆಮದ್ದಳೆಗಳ ನಡುವೆ ಹೊಂದಲಿಲ್ಲವೆಂದವರೂ ಇದ್ದಾರೆ. ಎರಡು ಮೂರು ಗಂಟೆಗಳ ಚೌಕಟ್ಟು ಗಡಿಯಾರದ ಯುಗ ಕೊಟ್ಟ ಚೌಕಟ್ಟೇ ಅಲ್ಲವೇ? ಯಂತ್ರಯುಗದಿಂದ ಯಕ್ಷಗಾನವನ್ನು ಉಳಿಸಹೊರಟವರು ಯಂತ್ರಯುಗದ ಸಮಯವನ್ನೂ ರಂಗಮಂದಿರವನ್ನೂ ಒಪ್ಪಿಕೊಂಡಿದ್ದರು. ಈ ದ್ವಂದ್ವವನ್ನು ಮುಚ್ಚಿಟ್ಟು ಕಾರಂತರನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಅವರು ಕೊಟ್ಟ ಉತ್ತರಗಳೆಲ್ಲ ನಿಲ್ಲುತ್ತವೆಯೆಂದು ನಾನು ಹೇಳಲಾರೆ. ಅವರು ಹಿಡಿದ ಪ್ರಶ್ನೆ ಮಾತ್ರ ನಿಂತಿದೆ: ಹೊಸದೊಂದು ತಂತ್ರ ರಂಗಕ್ಕೆ ಬಂದಾಗ ಮೈ ಬೆಳೆಯುತ್ತದೆಯೋ, ಸೊರಗುತ್ತದೆಯೋ?

ಆ ಪ್ರಶ್ನೆಯನ್ನು ಕೇಳಿದವರಲ್ಲಿ ಅವರು ಒಬ್ಬಂಟಿಯೇನಲ್ಲ. ಅವರ ಸಮಕಾಲೀನ ಉದಯಶಂಕರ್ ಮೂವತ್ತರ ದಶಕದ ಕೊನೆಯ ಹೊತ್ತಿಗೆ ಅಲ್ಮೋರಾದಲ್ಲಿ ಕಲಾಕೇಂದ್ರ ಕಟ್ಟಿ, ಕಾರ್ಮಿಕ ಮತ್ತು ಯಂತ್ರದ ಸಂಬಂಧವನ್ನೇ ವಸ್ತುವಾಗಿಸಿ ನೃತ್ಯ ಸಂಯೋಜಿಸಿದರು. ನರ್ತಕರ ಅಂಗಾಂಗಗಳೇ ಅಲ್ಲಿ ಯಂತ್ರದ ಭಾಗಗಳಾದವು. 1948ರ ಅವರ ‘ಕಲ್ಪನಾ’ ಚಿತ್ರ ಆ ಚಿಂತನೆಯನ್ನು ಸಿನಿಮಾದಲ್ಲಿ ಉಳಿಸಿದೆ. ಕಾರಂತರು ತೀರಿಕೊಂಡ ಎರಡು ವರ್ಷಗಳ ಬಳಿಕ, 1999ರಲ್ಲಿ, ಅಮೆರಿಕದ ಮರ್ಸ್ ಕನ್ನಿಂಗ್‌ಹ್ಯಾಮ್ ‘ಬೈಪೆಡ್’ ಎಂಬ ಕೃತಿಯನ್ನು ರಂಗಕ್ಕೆ ತಂದರು. ನರ್ತಕರ ಚಲನೆಯನ್ನು ಗಣಕಯಂತ್ರದಲ್ಲಿ ಹಿಡಿದು, ಬೆಳಕಿನ ರೇಖಾಕೃತಿಗಳಾಗಿ ಮಾಡಿ, ಜೀವಂತ ನರ್ತಕರ ಮುಂದಿನ ತೆಳುಪರದೆಯ ಮೇಲೆ ಮೂಡಿಸಿದ ಪ್ರಯೋಗವದು. ಆ ರೇಖೆಯ ಮನುಷ್ಯರು ಹಿರೇಬೆಣಕಲ್ಲಿನ ಕಾವಿಯ ಮನುಷ್ಯರ ದೂರದ ಬಂಧುಗಳಂತೆ ನನಗೆ ತೋರುತ್ತಾರೆ. ನಮ್ಮಲ್ಲೇ, 1992ರಲ್ಲಿ ಆರಂಭವಾದ ಬೆಂಗಳೂರಿನ ಅಟ್ಟಕ್ಕಲರಿ ಸಂಸ್ಥೆ ಕಳರಿಪಯಟ್ಟು, ಭರತನಾಟ್ಯಗಳ ದೇಹಜ್ಞಾನವನ್ನು ವಿಡಿಯೊ ಮತ್ತು ಡಿಜಿಟಲ್ ಬಿಂಬಗಳೊಂದಿಗೆ ಬೆಸೆಯುವ ಸಮಕಾಲೀನ ನೃತ್ಯವನ್ನು ರೂಪಿಸಿದೆ. ಇಂಥ ಪ್ರಯೋಗಗಳು ಗೆಲ್ಲುವುದು ಯಂತ್ರದ ಎದುರು ಮೈ ಇನ್ನಷ್ಟು ಸ್ಪಷ್ಟವಾಗಿ ಕಂಡಾಗ, ಸೋಲುವುದು ಯಂತ್ರ ಮೈಯನ್ನು ಮುಚ್ಚಿದಾಗ. ಸ್ಯಾಕ್ಸೊಫೋನನ್ನು ಒಳಕ್ಕೆ ಬಿಟ್ಟು ಮೈಕಿನ ಮಾತನ್ನು ಹೊರಗಿಟ್ಟ ಕಾರಂತರ ಅಳತೆಗೋಲೂ ಇದೇ ಆಗಿತ್ತೆಂದು ಭಾವಿಸುತ್ತೇನೆ.

ಈ ಅಳತೆಗೋಲು ರಂಗದ ಆಚೆಗೂ ಚಾಚಿತ್ತು. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿ ಪುರಾತನ ವಸ್ತುವೊಂದನ್ನು ಮುಟ್ಟಿದರೆ ಸಾಕು, ಸಾವಿರಾರು ವರ್ಷಗಳ ಹಿಂದಿನ ಬದುಕು ಅವಳ ಕಣ್ಣೆದುರು ಸುಳಿಯುತ್ತದೆ. ಪುಸ್ತಕ ಓದಿ ಪಡೆಯುವ ತಿಳಿವಿನಷ್ಟೇ ಘನವಾದುದು ಮೈಯ ಸ್ಪರ್ಶದಿಂದ ಬರುವ ತಿಳಿವು ಎಂಬ ನಂಬಿಕೆ ಆ ಪಾತ್ರದ ಬೆನ್ನಿಗಿದೆ. 1977ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಆ ಕೃತಿಗೆ. ಅದಕ್ಕೆ ಮೊದಲೇ, ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಅವರು ಪದ್ಮಭೂಷಣವನ್ನು ಹಿಂದಿರುಗಿಸಿದ್ದರು.

ಎಂಬತ್ತು ದಾಟಿದ ಮೇಲೆ ಕೈಗಾದ ಅಣುಸ್ಥಾವರದ ವಿರುದ್ಧ ನಿಂತಾಗ, ವಿಜ್ಞಾನದ ಪ್ರಚಾರಕರೇ ವಿಜ್ಞಾನವಿರೋಧಿಯಾದರೆಂದು ಕೆಲವರು ಮೂದಲಿಸಿದರು. ‘ವಿಜ್ಞಾನ ಪ್ರಪಂಚ’ ಬರೆದವರಿಗೆ ಪರಮಾಣುವಿನ ಪರಿಚಯವಿರಲಿಲ್ಲವೆಂದು ಯಾರೂ ಹೇಳಲಾರರು. ಕಾಳಿ ನದಿಯ ಕಣಿವೆಯ ಕಾಡಿಗೆ, ನೀರಿಗೆ, ಅಲ್ಲಿ ಬಾಳುವ ಜನರ ಆರೋಗ್ಯಕ್ಕೆ ಏನಾದೀತು ಎಂಬುದು ಅವರ ಆತಂಕ. 1989ರಲ್ಲಿ, 87ರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 1994ರಲ್ಲಿ ನಿರ್ಮಾಣ ಹಂತದಲ್ಲಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿದುಬಿತ್ತು. ದುರಸ್ತಿಯ ಬಳಿಕ 2000ದಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಅಣುವಿದ್ಯುತ್ತಿನ ಬಗೆಗೆ ಇಂದಿಗೂ ಎರಡು ಅಭಿಪ್ರಾಯಗಳಿವೆ, ಇರಲಿ. ಯಕ್ಷಗಾನದ ಬಯಲಿನಲ್ಲಿ ಮೈಕಿಗೆ ಕೇಳಿದ ಪ್ರಶ್ನೆಯನ್ನೇ ಅವರು ಕೈಗಾದ ಕಾಡಿನಲ್ಲಿ ಅಣುಸ್ಥಾವರಕ್ಕೆ ಕೇಳಿದರು ಎಂಬುದಷ್ಟೇ ನನ್ನ ಮಾತು. 1997ರ ಡಿಸೆಂಬರ್ 9ರಂದು ಅವರು ತೀರಿಕೊಂಡಾಗ 95 ವರ್ಷ ತುಂಬಿತ್ತು.

ಈಗ ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ಕರಾವಳಿಗೆ ಯಕ್ಷಗಾನವಿದ್ದಂತೆ ನಮಗೆ ದೊಡ್ಡಾಟವಿದೆ; ಅದೂ ಬಯಲಾಟವೇ, ಭುಜಕೀರ್ತಿ ಕಿರೀಟಗಳ ಭಾರ ಹೊತ್ತು ನೆಲ ನಡುಗುವಂತೆ ಹೆಜ್ಜೆ ಹಾಕುವ ಕಲೆಯೇ. ಕೊಪ್ಪಳ ಸೀಮೆಯ ಮೋರನಾಳದಲ್ಲಿ ತೊಗಲುಗೊಂಬೆಯಾಟದ ಪರಂಪರೆಯಿದೆ. ತೆಳುಪರದೆ, ದೀಪ, ನೆರಳು ಇವನ್ನಿಟ್ಟುಕೊಂಡು ರಾಮಾಯಣ ತೋರಿಸುವ ಆ ಕುಟುಂಬಗಳು ಬಿಂಬದ ತಂತ್ರಜ್ಞಾನವನ್ನು ಸಿನಿಮಾಕ್ಕಿಂತ ಬಹಳ ಮೊದಲೇ ಬಲ್ಲವು. ಆದರೆ ಅಲ್ಲಿ ಗೊಂಬೆಯ ಹಿಂದೆ ಮನುಷ್ಯನ ಕೈಯಿರುತ್ತದೆ, ಅದರ ನಡುಕವೂ ನೆರಳಿಗೆ ಇಳಿಯುತ್ತದೆ. ನಮ್ಮ ಭಾಗದ ಉತ್ಸವಗಳ ಭಾರಿ ವೇದಿಕೆಗಳಲ್ಲಿ ಇಂಥ ಕಲೆಗಳಿಗೆ ಸಿಗುವುದು ಸಂಜೆಯ ಮೊದಲ ಅರೆಗಳಿಗೆ. ಅದಾದ ಮೇಲೆ ಧ್ವನಿಮುದ್ರಿತ ಹಾಡು, ಹೊಗೆ, ಕಣ್ಣುಕುಕ್ಕುವ ಪರದೆ. ಪ್ರೇಕ್ಷಕ ಎದುರಿಗಿರುವ ನರ್ತಕಿಯನ್ನು ಪಕ್ಕದ ಪರದೆಯಲ್ಲಿ ನೋಡುತ್ತಾನೆ, ಪರದೆಯನ್ನು ತನ್ನ ಮೊಬೈಲಿನಲ್ಲಿ ನೋಡುತ್ತಾನೆ. ಹತ್ತು ಮಾರು ದೂರದಲ್ಲಿ ಒಂದು ಜೀವ ಉಸಿರುಗಟ್ಟಿ ಕುಣಿಯುತ್ತಿದೆ ಎಂಬುದು ಅವನ ಅರಿವಿಗೆ ಬರುವುದೇ ಇಲ್ಲ.

ಪರದೆಗಳನ್ನೆಲ್ಲ ಕಿತ್ತೆಸೆಯಿರಿ ಎನ್ನುವುದು ಕಾರಂತರ ದಾರಿಯಲ್ಲ, ನನ್ನ ಬೇಡಿಕೆಯೂ ಅದಲ್ಲ. ಉತ್ಸವದ ಒಂದು ಸಂಜೆಯನ್ನಾದರೂ ಪರದೆಯಿಲ್ಲದೆ, ಮುದ್ರಿತ ಸಂಗೀತವಿಲ್ಲದೆ, ನೂರಿನ್ನೂರು ಜನ ಸುತ್ತ ಕೂರುವ ಬಯಲಿನಲ್ಲಿ, ದೀವಟಿಗೆಯ ಬೆಳಕಿನಲ್ಲಿ ನಡೆಸಬಹುದು. ದೊಡ್ಡಾಟದ ಹಿರಿಯ ಕಲಾವಿದರ ಪಕ್ಕದಲ್ಲೇ ಬೆಂಗಳೂರಿನ ಸಮಕಾಲೀನ ನರ್ತಕರನ್ನೂ ಕರೆಯಬಹುದು. ಅವರವರ ಮೈ ಒಂದೇ ನೆಲದ ಮೇಲೆ ಏನು ಮಾತಾಡುತ್ತದೆಂದು ನೋಡಬಹುದು. ಹಿರಿಯರ ಹೆಜ್ಜೆಗಳನ್ನು ದಾಖಲಿಸುವ ಕೆಲಸಕ್ಕೆ ಕ್ಯಾಮೆರಾ ಬರಲಿ, ಗಣಕಯಂತ್ರವೂ ಬರಲಿ. ಕಾರಂತರು ಇಂದು ಇದ್ದಿದ್ದರೆ ಅವನ್ನು ಮೊದಲು ಕಲಿಯುವವರು ಅವರೇ ಆಗಿರುತ್ತಿದ್ದರೇನೋ. ಆದರೆ ದಾಖಲೆ ಮುಗಿದ ಮೇಲೆ ಆ ಹೆಜ್ಜೆ ಒಬ್ಬ ಹುಡುಗಿಯ, ಒಬ್ಬ ಹುಡುಗನ ಕಾಲಿಗೆ ಇಳಿಯಬೇಕು. ಹಾಗೆ ಇಳಿಯುವಂತೆ ನೋಡಿಕೊಳ್ಳುವ ಹೊಣೆ ಯಂತ್ರದ್ದಲ್ಲ, ನಮ್ಮದು.